ರಿಸೈನ್ ಮಾಡೋ ಮುಂಚೆ ಇದನ್ನೊಂದ್ಸಲ ಓದು

ಚೇತು,

ಆಶೀರ್ವಾದ. ನಿನ್ ಮೆಸೇಜ್ ಓದ್ದೆ. ಕೆಲ್ಸ ಬಿಟ್ಟು ಮೆಡಿಟೇಶನ್ ಟೀಚರ್ ಟ್ರೈನಿಂಗಿಗೆ ಸೇರ್ತೀನಿ ಅಂತ ಬರ್ದಿದೀಯ, ಕೊನೇಲಿ "ದೊಡ್ಡಪ್ಪ, ಬೀಟಲ್ಸೇ ಬಂದು ರಿಷಿಕೇಶದಲ್ಲಿ ಕೂತಿದ್ರು, ಫಾರಿನ್ನವ್ರೇ ಒಪ್ಪಿದಾರೆ, ನಮ್ಮನೇವ್ರಿಗೆ ಮಾತ್ರ ಬೆಲೆ ಗೊತ್ತಿಲ್ಲ" ಅಂತ ಬೇರೆ ಸೇರ್ಸಿದೀಯ. ನಿಮ್ಮಪ್ಪ ಫೋನ್ ಮಾಡಿ ಕೂಗಾಡ್ದ, ನಿಮ್ಮಮ್ಮ ಅಳ್ತಿದ್ಲು, ನಾನು ಎರಡೂ ಮಾಡಲ್ಲ. ಆದ್ರೆ ಬೀಟಲ್ಸ್ ಹೆಸ್ರನ್ನ ನನ್ ಹತ್ರ ಎತ್ತಿದೀಯಲ್ಲಪ್ಪ, ನಾವು ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಇಂಗ್ಲೆಂಡಿನ ಆ ನಾಲ್ಕು ಜನ ಹಾಡುಗಾರರ ಎಲ್‌ಪಿ ಸವೆಯೋವರ್ಗೂ ಕೇಳ್ದೋರು, ಆ ಕಥೆ ಪೂರ್ತಿ ಹೇಳದೆ ನಿನ್ನ ಬಿಡಲ್ಲ. ಕಾಫಿ ಇಟ್ಕೊಂಡು ಕೂತು ಓದು.

ಬೀಟಲ್ಸ್‌ಗೆ ಧ್ಯಾನ ಕಲಿಸಿದ ಮಹರ್ಷಿ ಮಹೇಶ್ ಯೋಗಿ ಅನ್ನೋರು ಅಲಹಾಬಾದ್ ಯೂನಿವರ್ಸಿಟೀಲಿ ಫಿಸಿಕ್ಸ್ ಓದಿದೋರು. ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಬ್ರಹ್ಮಾನಂದ ಸರಸ್ವತಿಗಳ ಹತ್ರ ಸೆಕ್ರೆಟರಿ ಆಗಿದ್ರು, ಆ ಪೀಠ ನೂರೈವತ್ತು ವರ್ಷಕ್ಕೂ ಜಾಸ್ತಿ ಖಾಲಿ ಇದ್ದು 1941ರಲ್ಲಿ ಇವರ ಗುರುಗಳಿಂದ ಮತ್ತೆ ಶುರು ಆಗಿದ್ದು. 1953ರಲ್ಲಿ ಗುರುಗಳು ತೀರ್ಕೊಂಡ್ರು. ಶಿಷ್ಯ ಎಷ್ಟೇ ಹತ್ರದೋನಾದ್ರೂ ಜಾತಿಯಿಂದ ಬ್ರಾಹ್ಮಣ ಅಲ್ಲ, ಪೀಠದ ಮಾತೇ ಇಲ್ಲ. ಸ್ವಲ್ಪ ದಿನ ಉತ್ತರಕಾಶೀಲಿ ಇದ್ರು, ಆಮೇಲೆ ದಕ್ಷಿಣಕ್ಕೆ ಇಳಿದು ಕೇರಳದಲ್ಲಿ ಭಾಷಣ ಮಾಡ್ತಾ ಧ್ಯಾನ ಕಲಿಸೋಕೆ ಶುರು ಮಾಡಿದ್ರು, ಮದ್ರಾಸಲ್ಲಿ ಒಂದು ಆಂದೋಲನ ಅಂತ ಘೋಷಣೆ ಮಾಡಿ 1958ರಲ್ಲಿ ಬರ್ಮಾ ಕಡೆಯಿಂದ ಹೊರಟೋರು ಮುಂದಿನ ವರ್ಷ ಕ್ಯಾಲಿಫೋರ್ನಿಯಾ ತಲುಪಿದ್ರು. ನನಗನ್ಸತ್ತೆ, ಮಠದ ಬಾಗ್ಲು ತೆಗ್ದಿದ್ರೆ ಅವ್ರು ಹಿಮಾಲಯದಲ್ಲೇ ಉಳೀತಿದ್ರು, ಜಗತ್ತಿಗೆ ಹೆಸ್ರೇ ಗೊತ್ತಾಗ್ತಿರ್ಲಿಲ್ಲ. ಇದು ನನ್ ಊಹೆ, ಹಾಗಂತ ಇಟ್ಕೋ.

ಅವ್ರು ತಗೊಂಡ್ ಹೋಗಿದ್ದೇನು ಹೇಳು? ಮಂತ್ರಜಪ. ನಿಮ್ಮಜ್ಜಿ ಸ್ನಾನ ಮಾಡ್ಕೊಂಡು ಮೂಲೇಲಿ ಕೂತು ಮಾಡ್ತಿದ್ದದ್ದೇ. ಆದ್ರೆ ಅಜ್ಜಿ ಹತ್ರ ಅದಕ್ಕೆ ಮಡಿ ಇತ್ತು, ಏಕಾದಶಿ ಇತ್ತು, ಇಷ್ಟದೈವ ಇತ್ತು. ಇವ್ರು ಅದೆಲ್ಲ ಕಳಚಿಟ್ಟು ಹೇಳಿದ್ದು ಇಷ್ಟೇ: ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ, ಕುರ್ಚಿ ಮೇಲೇ ಕೂತ್ಕೊ, ಕಣ್ಮುಚ್ಕೊ, ಕೊಟ್ಟ ಮಂತ್ರಾನ ಮನಸ್ಸಲ್ಲೇ ಸುಮ್ನೆ ಬರೋಕೆ ಬಿಡು, ಏಕಾಗ್ರತೆ ಅಂತ ಒದ್ದಾಡ್ಬೇಡ, ಮಾಂಸ ಬಿಡೋದ್ ಬೇಡ, ಹೆಂಡ್ತಿ ಮಕ್ಕಳನ್ನ ಬಿಡೋದ್ ಬೇಡ, ದೇವರನ್ನ ನಂಬೋದೂ ಬೇಡ. ಸನ್ಯಾಸಿ ಥರ ಬಟ್ಟೆ ಹಾಕ್ಕೊಂಡ ಮನುಷ್ಯ ಬಂದು ಸಂಸಾರದಲ್ಲೇ ಇರು ಅಂತ ಹೇಳೋದು ಆ ಜನಕ್ಕೆ ಹೊಸದು. ಅವರಿಗಿಂತ ಮುಂಚೆ ಹೋದೋರು ಇದ್ರು, 1893ರಲ್ಲಿ ವಿವೇಕಾನಂದ್ರು, 1920ರಲ್ಲಿ ಯೋಗಾನಂದ್ರು, ಅವ್ರೆಲ್ಲ ಮರ್ಯಾದೆ ಗಳಿಸಿದ್ರು, ಆದ್ರೆ ಹಾದಿಬೀದೀಲಿ ಹೆಸ್ರಾಗೋಕೆ ಟಿವಿ ಬೇಕಿತ್ತು, ಜೆಟ್ ವಿಮಾನ ಬೇಕಿತ್ತು, ಎಲ್‌ಎಸ್‌ಡಿ ತಗೊಂಡು ಸುಸ್ತಾಗಿ ಬೇರೇನಾದ್ರೂ ಸಿಗತ್ತಾ ಅಂತ ನೋಡ್ತಿದ್ದ ಒಂದು ತಲೆಮಾರು ಬೇಕಿತ್ತು.

ಆ ತಲೆಮಾರಿನ ಮುಂದಾಳುಗಳೇ ಬೀಟಲ್ಸು: ಜಾನ್, ಪಾಲ್, ಜಾರ್ಜ್, ರಿಂಗೋ. ಜಾರ್ಜ್ ಹ್ಯಾರಿಸನ್ ಆಗಲೇ ಪಂಡಿತ್ ರವಿಶಂಕರ್ ಹತ್ರ ಸಿತಾರ್ ಕಲೀತಿದ್ದ. ಆದ್ರೆ ಮಹರ್ಷಿ ವಿಷಯ ಮನೆಗೆ ತಂದೋಳು ಅವನ ಹೆಂಡ್ತಿ ಪ್ಯಾಟಿ ಬಾಯ್ಡ್, ಅವಳು ಮುಂಚೇನೇ ಕಲ್ತಿದ್ಲು, ಇದನ್ನ ಯಾರೂ ಜಾಸ್ತಿ ಹೇಳಲ್ಲ ನೋಡು. 1967ರ ಆಗಸ್ಟ್ 24ಕ್ಕೆ ಲಂಡನ್ನಿನ ಹಿಲ್ಟನ್ ಹೋಟೆಲಲ್ಲಿ ಭಾಷಣ, ಮಾರನೇ ದಿನಾನೇ ಅವರ ಹಿಂದೆ ರೈಲು ಹತ್ತಿ ವೇಲ್ಸಿನ ಬ್ಯಾಂಗರ್‌ಗೆ ಹೊರಟ್ರು. ಅಲ್ಲಿದ್ದಾಗ್ಲೇ, 27ನೇ ತಾರೀಖು, ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಸತ್ತ ಸುದ್ದಿ ಬಂತು. ಮೂವತ್ತೆರಡೇ ವರ್ಷ. ಆ ಹುಡುಗ್ರಿಗೆ ಅವ್ನೇ ಎಲ್ಲ ನೋಡ್ಕೋತಿದ್ದೋನು, ಯಾವ ಊರಿಗೆ ಹೋಗ್ಬೇಕು, ಯಾವ ಕಾಗದಕ್ಕೆ ಸೈನ್ ಹಾಕ್ಬೇಕು ಎಲ್ಲಾನೂ. ಇದನ್ನ ನೀನು ಗಮನಿಸ್ಬೇಕು, ಯಾಕಂದ್ರೆ ಅವ್ರು ಮಹರ್ಷಿ ಹತ್ರ ಧ್ಯಾನ ಒಂದನ್ನೇ ಕೇಳ್ಲಿಲ್ಲ, ಕೆಲವ್ರಾದ್ರೂ ಕಳ್ಕೊಂಡ ದೊಡ್ಡೋರ ಜಾಗಾನೂ ತುಂಬಿಸ್ಕೊಳೋಕೆ ನೋಡಿದ್ರು. ನಿನಗೂ ಪ್ರಾಜೆಕ್ಟ್ ಕ್ಯಾನ್ಸಲ್ ಆಗಿ, ಆ ಹುಡುಗಿ ವಿಷಯ ಮುರಿದು ಬಿದ್ದು (ನಿಮ್ಮಮ್ಮ ಹೇಳಿದ್ಲು, ಬೇಜಾರ್ ಮಾಡ್ಕೋಬೇಡ) ಇನ್ನೂ ಮೂರು ತಿಂಗಳೂ ಆಗಿಲ್ಲ.

1968ರ ಫೆಬ್ರವರೀಲಿ ರಿಷಿಕೇಶಕ್ಕೆ ಬಂದ್ರು. ಗಂಗೆ ಆಚೆ ದಡದಲ್ಲಿ, ಸ್ವರ್ಗಾಶ್ರಮದ ಕಡೆ, ಯುಪಿ ಅರಣ್ಯ ಇಲಾಖೆಯಿಂದ ಲೀಸಿಗೆ ತಗೊಂಡ ಜಾಗ. ಜೊತೆಗೆ ಹಾಡುಗಾರ ಡೊನೊವನ್, ಬೀಚ್ ಬಾಯ್ಸ್‌ನ ಮೈಕ್ ಲವ್, ನಟಿ ಮಿಯಾ ಫ್ಯಾರೋ, ಅವಳ ತಂಗಿ ಪ್ರುಡೆನ್ಸ್. ಪೇಪರ್‌ನವ್ರು ಗೇಟ್ ಹೊರಗೆ ಠಿಕಾಣಿ. ರಿಂಗೋಗೆ ಚಿಕ್ಕಂದಿನಿಂದ ಹೊಟ್ಟೆ ಸರಿ ಇಲ್ಲ, ಮಸಾಲೆ ಆಗಲ್ಲ, ಸೂಟ್‌ಕೇಸ್ ತುಂಬ ಬೇಕ್ಡ್ ಬೀನ್ಸ್ ಡಬ್ಬ ತಂದಿದ್ದ, ಅವನ ಹೆಂಡ್ತೀಗೆ ನೊಣ ಕಂಡ್ರೆ ಆಗ್ತಿರ್ಲಿಲ್ಲ, ಹತ್ತು ದಿನಕ್ಕೆಲ್ಲ ಗಂಟುಮೂಟೆ ಕಟ್ಟಿದ. ಪಾಲ್ ಒಂದು ತಿಂಗಳ ಮೇಲೆ ಇದ್ದು ಹೋದ. ಜಾನ್ ಮತ್ತು ಜಾರ್ಜ್ ಏಪ್ರಿಲ್ 12ರವರೆಗೆ ಇದ್ರು. ಧ್ಯಾನದ ನಡುವೆ ಬಿಡುವು ಸಿಕ್ಕಾಗೆಲ್ಲ ಗಿಟಾರ್ ಹಿಡ್ಕೊಂಡು ಡಜನ್‌ಗಟ್ಲೆ ಹಾಡು ಬರ್ದ್ರು, ಆ ವರ್ಷದ ನವೆಂಬರಲ್ಲಿ ಬಂತಲ್ಲ ಬಿಳೀ ಕವರ್‌ನ ಡಬಲ್ ಆಲ್ಬಮ್ಮು, ಅದರ ಬಹಳಷ್ಟು ಹಾಡು ಅಲ್ಲೇ ಹುಟ್ಟಿದ್ದು. ನೀನು ಹೆಡ್‌ಫೋನ್ ಹಾಕ್ಕೊಂಡು ಕೇಳೋದು ಅದೇ.

ಕೊನೆ ಮಾತ್ರ ಚೆನ್ನಾಗಿರ್ಲಿಲ್ಲ. ಮಹರ್ಷಿ ಒಬ್ಬ ಹೆಂಗಸಿನ ಜೊತೆ ತಪ್ಪಾಗಿ ನಡ್ಕೊಂಡ್ರು ಅಂತ ಗುಸುಗುಸು ಎದ್ದಿತು. ಸಾಬೀತಾಗ್ಲಿಲ್ಲ, ಹಾಗೇನೂ ನಡೀಲೇ ಇಲ್ಲ ಅಂತ ಜಾರ್ಜ್ ಆಮೇಲೆ ಹೇಳ್ದ. ಆದ್ರೆ ಅವತ್ತು ಜಾನ್‌ಗೆ ನೆತ್ತಿಗೇರಿತ್ತು. ಬಿಟ್ಟು ಹೊರಟ, ಹೊರಡೋ ಹೊತ್ತಲ್ಲೇ ಬೈಯೋ ಹಾಡೊಂದು ಶುರು ಮಾಡ್ದ, ಅದ್ರಲ್ಲಿ ಮೊದ್ಲು ಮಹರ್ಷಿ ಹೆಸ್ರೇ ಇತ್ತು, ಜಾರ್ಜ್ ಬೇಡ ಅಂದಿದ್ದಕ್ಕೆ ಬೇರೆ ಹೆಸ್ರು ಹಾಕ್ದ. ಅತಿ ಎತ್ತರಕ್ಕೆ ಏರಿಸ್ದೋನೇ ಅತಿ ಜೋರಾಗಿ ಕೆಳಕ್ಕೆ ಹಾಕಿದ್ದು. ಮಿಕ್ಕೋರನ್ನ ನೋಡು. ಜಾರ್ಜ್ ಸಾಯೋವರ್ಗೂ ಧ್ಯಾನ ಬಿಡ್ಲಿಲ್ಲ, 1992ರಲ್ಲಿ ಲಂಡನ್ನಲ್ಲಿ ಮಹರ್ಷಿ ಕಡೆಯೋರು ಕಟ್ಟಿದ್ದ ರಾಜಕೀಯ ಪಕ್ಷಕ್ಕೋಸ್ಕರ ಸಂಗೀತ ಕಛೇರೀನೂ ಮಾಡ್ಕೊಟ್ಟ. ಪಾಲೂ ರಿಂಗೋನೂ 2009ರ ಏಪ್ರಿಲಲ್ಲಿ ನ್ಯೂಯಾರ್ಕಲ್ಲಿ ಒಂದೇ ವೇದಿಕೆ ಮೇಲೆ ಹಾಡಿದ್ರು, ಸ್ಕೂಲ್ ಮಕ್ಕಳಿಗೆ ಈ ಧ್ಯಾನ ಕಲಿಸೋಕೆ ಡೇವಿಡ್ ಲಿಂಚ್ ಅನ್ನೋ ಸಿನಿಮಾ ನಿರ್ದೇಶಕ ಕಟ್ಟಿದ ಸಂಸ್ಥೆಗೆ ದುಡ್ಡು ಎತ್ತೋಕೆ. ಬೇಕ್ಡ್ ಬೀನ್ಸ್ ತಿಂದು ಹತ್ತು ದಿನಕ್ಕೆ ಓಡಿಹೋದ ರಿಂಗೋ ನಲವತ್ತು ವರ್ಷದ ಮೇಲೂ ಮಂತ್ರ ಬಿಟ್ಟಿಲ್ಲ ನೋಡಪ್ಪ! ಇವ್ರ್ಯಾರೂ ಸಂಗೀತದ ಕೆಲ್ಸ ಬಿಟ್ಟು ಹೋಗ್ಲಿಲ್ಲ.

ನನಗೆ ಇಡೀ ಕಥೇಲಿ ಇಷ್ಟ ಆಗೋಳು ಪ್ರುಡೆನ್ಸ್. ರೂಮಿಂದ ಆಚೆಗೇ ಬರ್ತಿರ್ಲಿಲ್ಲ, ಅಷ್ಟು ಹೊತ್ತು ಧ್ಯಾನ, ಆಚೆ ಬಾರಮ್ಮ ಅಂತ ಜಾನ್ ಅವಳ ಮೇಲೆ ಹಾಡೇ ಕಟ್ದ. ಆಮೇಲೆ ಅವಳು ಟೀಚರ್ ಆದ್ಲು, ಎಷ್ಟೋ ವರ್ಷ ಕಲಿಸಿದ್ಲು, ವಯಸ್ಸಾದ್ಮೇಲೆ ಬರ್ಕ್ಲೀಗೆ ಹೋಗಿ ಸಂಸ್ಕೃತದಲ್ಲಿ ಪಿಎಚ್‌ಡಿ ಮಾಡಿದ್ಲು. ಕಲಿಸ್ಬೇಕು ಅನ್ನೋ ಆಸೆ ನಿನಗಿದ್ರೆ ನೋಡ್ಬೇಕಾದ್ದು ಅವಳನ್ನ. ಟ್ರೈನಿಂಗ್ ಸರ್ಟಿಫಿಕೇಟ್ ಗೋಡೆಗೆ ತಗಲಾಕಿದ ಮಾತ್ರಕ್ಕೆ ಮುಗೀಲಿಲ್ಲ, ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಹೋದ್ಲು.

ಈಗ ನೀನು "ಫಾರಿನ್ನವ್ರೇ ಒಪ್ಪಿದಾರೆ" ಅಂದ ಮಾತಿಗೆ ಬರ್ತೀನಿ. ಒಪ್ಪಿದ್ರು ಹೌದು, ಆದ್ರೆ ಏನನ್ನ? 1970ರಲ್ಲಿ ರಾಬರ್ಟ್ ಕೀತ್ ವ್ಯಾಲೇಸ್ ಅನ್ನೋ ಹುಡುಗ ಈ ಧ್ಯಾನ ಮಾಡೋವಾಗ ದೇಹ ಬಳಸೋ ಆಮ್ಲಜನಕ ಕಮ್ಮಿ ಆಗತ್ತೆ ಅಂತ ಸೈನ್ಸ್ ಪತ್ರಿಕೇಲಿ ಬರ್ದ. ಹಾರ್ವರ್ಡಿನ ಡಾಕ್ಟರ್ ಹರ್ಬರ್ಟ್ ಬೆನ್ಸನ್ ಅವನ ಜೊತೆ ಸೇರಿ ಪ್ರಯೋಗ ಮಾಡಿ, ಆಮೇಲೆ 1975ರಲ್ಲಿ ಪುಸ್ತಕ ಬರ್ದು, ಗುಟ್ಟಿನ ಮಂತ್ರ ಏನೂ ಬೇಡ, 'ಒನ್' ಅಂತ ಹೇಳ್ಕೊಂಡ್ರೂ ದೇಹಕ್ಕೆ ಅದೇ ವಿಶ್ರಾಂತಿ ಸಿಗತ್ತೆ ಅಂದುಬಿಟ್ಟ, ಪುಸ್ತಕ ಬಿಸಿಬಿಸಿ ದೋಸೆ ಹಾಗೆ ಖರ್ಚಾಯ್ತು, ಮಹರ್ಷಿ ಕಡೆಯೋರು ಒಪ್ಪಲಿಲ್ಲ. ಅದೇ ವರ್ಷ ಮರ್ವ್ ಗ್ರಿಫಿನ್ ಟಿವಿ ಶೋಗೆ ಮಹರ್ಷಿ ಹೋದ್ರು, ಕ್ಲಿಂಟ್ ಈಸ್ಟ್‌ವುಡ್ಡೂ ಬಂದಿದ್ದ, ಕಲಿಯೋಕೆ ಜನ ಮುಗಿಬಿದ್ರು. ಇದು ಧರ್ಮ ಅಲ್ಲ ವಿಜ್ಞಾನ ಅಂತ ಹೇಳಿ ನ್ಯೂಜೆರ್ಸಿಯ ಸರ್ಕಾರಿ ಸ್ಕೂಲಿಗೂ ಹಾಕಿದ್ರು. ಕೋರ್ಟಿಗೆ ಹೋಯ್ತು. ಮಂತ್ರ ಕೊಡೋವಾಗ ಹೂವು, ಹಣ್ಣು, ಬಿಳೀ ಕರ್ಚೀಫ್ ಇಟ್ಟು ಸಂಸ್ಕೃತದಲ್ಲಿ ಗುರುಪೂಜೆ ಮಾಡ್ತಿದ್ರಲ್ಲ, ಅದನ್ನ ಸಾಲು ಸಾಲು ಓದಿ ಜಡ್ಜ್ 1977ರಲ್ಲಿ ಇದು ಧರ್ಮಾನೇ ಅಂದ್ರು, 1979ರಲ್ಲಿ ಅಪೀಲ್ ಕೋರ್ಟೂ ಅದನ್ನೇ ಎತ್ತಿಹಿಡೀತು. ಒಂದೇ ದೇಶದಲ್ಲಿ ಡಾಕ್ಟ್ರು ದೇಹಕ್ಕೆ ಒಳ್ಳೇದು ಅಂತಾರೆ, ಕೋರ್ಟು ಪೂಜೆ ಅನ್ನತ್ತೆ, ಟಿವಿ ಫ್ಯಾಷನ್ ಅನ್ನತ್ತೆ. ಇದ್ರಲ್ಲಿ ಯಾವ ಫಾರಿನ್ನವ್ರ ಒಪ್ಪಿಗೇನ ನೀನು ನಿಮ್ಮಪ್ಪನಿಗೆ ತೋರಿಸ್ತೀಯ?

ದುಡ್ಡಿನ ಮಾತೂ ಆಡ್ಬಿಡ್ತೀನಿ. ಅರವತ್ತರ ದಶಕದ ಲಂಡನ್ನಲ್ಲಿ ಒಂದು ವಾರದ ಸಂಬಳ ಫೀಸು ಇತ್ತು. ಆಮೇಲೆ ಅಮೆರಿಕದಲ್ಲಿ ಒಂದು ಕಾಲಕ್ಕೆ 2,500 ಡಾಲರ್ ಆಗಿತ್ತು. ಜೊತೆಗೆ ಕಾಲು ಮಡಚಿ ಕುಪ್ಪಳಿಸಿ 'ಯೋಗಿಕ್ ಫ್ಲೈಯಿಂಗ್' ಅಂತ ಬೇರೆ ಮುಂದಿನ ಕೋರ್ಸು. ಇನ್ನೊಂದು ಕಡೆ ಗೋಯೆಂಕಾ ಅವ್ರು. ಬರ್ಮಾದ ಮಾಂಡಲೇಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ, ಮೈಗ್ರೇನ್ ತಡೀಲಾರದೆ ಅಲ್ಲಿನ ಗುರು ಊ ಬಾ ಖಿನ್ ಹತ್ರ ವಿಪಶ್ಯನ ಅನ್ನೋ ಬೌದ್ಧ ಧ್ಯಾನ ಕಲ್ತು 1969ರಲ್ಲಿ ಇಂಡಿಯಾಕ್ಕೆ ತಂದ್ರು. ಅವರ ಹತ್ತು ದಿನದ ಶಿಬಿರಕ್ಕೆ ಇವತ್ತಿಗೂ ಫೀಸಿಲ್ಲ, ಊಟಕ್ಕೂ ಇಲ್ಲ, ಮುಗಿದ್ಮೇಲೆ ಕೈಲಾದ್ದು ಕೊಟ್ರೆ ಆಯ್ತು. ಬೋಧಗಯಾದಲ್ಲಿ ಅವರ ಹತ್ರ ಕೂತಿದ್ದ ಅಮೆರಿಕದ ಹುಡುಗ ಹುಡುಗೀರೇ ವಾಪಸ್ ಹೋಗಿ ಮ್ಯಾಸಚೂಸೆಟ್ಸಲ್ಲಿ ಕೇಂದ್ರ ಕಟ್ಟಿದ್ರು, ಅದೇ ರಾಜ್ಯದಲ್ಲಿ 1979ರಲ್ಲಿ ಜಾನ್ ಕಬಾಟ್-ಜಿನ್ ಆಸ್ಪತ್ರೇಲಿ ನೋವಿನ ರೋಗಿಗಳಿಗೆ ಕಲಿಸೋಕೆ ಶುರು ಮಾಡ್ದ. ನಿಮ್ಮ ಎಚ್‌ಆರ್‌ನವ್ರು ಮಂಡೇ ಮಂಡೇ ಮಾಡಿಸೋ ಮೈಂಡ್‌ಫುಲ್‌ನೆಸ್ ಆ ಕಡೆಯಿಂದ ಬಂದಿದ್ದು, ಬೀಟಲ್ಸ್ ಕಡೆಯಿಂದಲ್ಲ. ವಿಪಶ್ಯನ ಕೇಂದ್ರ ಬೆಂಗಳೂರಲ್ಲೂ ಇದೆ, ಧಮ್ಮ ಪಫುಲ್ಲ ಅಂತ. ಹಾಗೇ ಕನಕಪುರ ರೋಡಿನ ಆರ್ಟ್ ಆಫ್ ಲಿವಿಂಗ್ ರವಿಶಂಕರ್ ಗುರೂಜಿ ಮೊದ್ಲು ಇದೇ ಮಹೇಶ್ ಯೋಗಿ ಜೊತೆ ಇದ್ದೋರು, 1982ರಲ್ಲಿ ಶಿವಮೊಗ್ಗದಲ್ಲಿ ಮೌನದಲ್ಲಿದ್ದಾಗ ಸುದರ್ಶನ ಕ್ರಿಯೆ ಅನ್ನೋ ಉಸಿರಾಟದ ಪದ್ಧತಿ ಹೊಳೀತು ಅಂತ ಅವ್ರೇ ಹೇಳ್ತಾರೆ. ನಮ್ಮ ಶಿವಮೊಗ್ಗದ ನೆಂಟ್ರಿಗೆ ಇದನ್ನ ಹೇಳಿದ್ರೆ ಎದೆ ಉಬ್ಬಿಸ್ಕೊಂಡು ಇನ್ನೊಂದ್ ಲೋಟ ಕಾಫಿ ಕೊಡ್ತಾರೆ.

ಧ್ಯಾನ ಬೇಡ ಅಂತ ನಾನು ಹೇಳ್ತಿಲ್ಲ ಕಣೋ. ದಿನಾ ಕೂತ್ಕೊ. ನಿನ್ ಬಿಪಿಗೂ ಒಳ್ಳೇದು, ನಿದ್ದೆಗೂ ಒಳ್ಳೇದು. ಆದ್ರೆ ಕಲಿಸೋರನ್ನ ಕಲಿಸೋರಾಗಿ ಇಟ್ಕೊ, ನಮ್ಮೂರಿನ ಸಂಗೀತದ ಮೇಷ್ಟ್ರಿಗೆ ಎಷ್ಟು ಗೌರವ ಕೊಡ್ತೀಯೋ ಅಷ್ಟು ಕೊಡು, ಯಾವ ಕೆಲ್ಸ ಬಿಡ್ಬೇಕು, ಯಾರ ಜೊತೆ ಮಾತು ಬಿಡ್ಬೇಕು, ಉಳಿತಾಯ ಎಲ್ಲಿ ಹಾಕ್ಬೇಕು ಅಂತ ಅವರನ್ನ ಕೇಳ್ಬೇಡ. ಜಾನ್ ಎಡವಿದ್ದು ಅಲ್ಲೇ. ಮಹೇಶ್ ಯೋಗಿ ಸಂಸಾರಿಗಳಿಗೆ ಅಂತಲೇ ತಂದ ಪದ್ಧತಿ ಅದು, ಅದಕ್ಕೋಸ್ಕರ ನೀನು ಸಂಬಳ ಬಿಡೋದು ಅವರ ಮಾತಿಗೇ ವಿರುದ್ಧ ಅಲ್ವೇನೋ?

ಈಗ ಮಾಡ್ಬೇಕಾದ್ದು ಹೇಳ್ತೀನಿ. ರಿಸೈನ್ ಲೆಟರ್ ಡ್ರಾಫ್ಟಲ್ಲೇ ಇರ್ಲಿ. ರಜ ಎಷ್ಟು ಬಾಕಿ ಇದೆ ನೋಡು, ಹತ್ತು ದಿನ ಸಿಕ್ಕಿದ್ರೆ ಫೀಸಿಲ್ಲದ ಕಡೆ ಮೊದ್ಲು ಹೋಗಿ ಬಾಯ್ಮುಚ್ಕೊಂಡು ಕೂತು ಬಾ, ನಿನಗೆ ಆಗತ್ತಾ ಅಂತ ಗೊತ್ತಾಗತ್ತೆ (ಮಾತಾಡದೆ ಹತ್ತು ದಿನ, ನೀನು, ನೋಡೋಣ). ಬಂದ್ಮೇಲೆ ಯುಗಾದಿವರ್ಗೂ ಮನೇಲೇ ಎರಡು ಹೊತ್ತು ಮಾಡು. ಆಗಲೂ ಕಲಿಸ್ಬೇಕು ಅಂತ ಅನ್ಸಿದ್ರೆ ಆ ಟ್ರೈನಿಂಗ್‌ನವ್ರನ್ನ ಕೇಳು: ಮಧ್ಯದಲ್ಲಿ ಬಿಟ್ರೆ ದುಡ್ಡು ವಾಪಸ್ ಬರತ್ತಾ, ಮುಗಿದ್ಮೇಲೆ ಅವರ ಹೆಸ್ರಲ್ಲೇ ಕಲಿಸ್ಬೇಕಾ, ಬಂದ ಫೀಸಲ್ಲಿ ಅವ್ರಿಗೆಷ್ಟು ಹೋಗತ್ತೆ, ಗುರುಗಳ ಬಗ್ಗೆ ಬೇರೆ ಅಭಿಪ್ರಾಯ ಇಟ್ಕೊಂಡೋರು ಅಲ್ಲಿ ಇದಾರಾ, ಇದ್ರೆ ಅವ್ರನ್ನ ಹೆಂಗೆ ನಡೆಸ್ಕೋತಾರೆ. ನಿಮ್ಮಪ್ಪನ ಹತ್ರ ಅಷ್ಟರವರೆಗೆ ನಾನು ಮಾತಾಡ್ತೀನಿ, ಅವ್ನು ಬಿಪಿ ಮಾತ್ರೆ ತಗೊಳೋದು ಮರ್ತು ಕೂಗಾಡ್ತಾನೆ, ಅಷ್ಟೇ.

ಅವರು ಕೊಟ್ಟ ಅಪ್ಲಿಕೇಶನ್ ಫಾರಂನ ಎಲ್ಲಾ ಪುಟದ ಫೋಟೋ ತೆಗ್ದು ಇವತ್ತು ರಾತ್ರೀನೇ ಕಳ್ಸು, ಹಿಂದುಗಡೆ ಸಣ್ಣಕ್ಷರದ ಪುಟ ಬಿಡ್ಬೇಡ, ನನ್ ಹತ್ರ ಭೂತಗನ್ನಡಿ ಇದೆ.

ನಿನ್ನ
ದೊಡ್ಡಪ್ಪ