ಖಾಲಿ ಬೆಂಚುಗಳ ಚಿಂತೆ

ಪ್ರೀತಿಯ ಪುತಾ,

ಪತ್ರ ತಲುಪಿತು. ಮನೆ, ತೋಟದ ವಿಚಾರವನ್ನೆಲ್ಲ ನಿನ್ನ ತಾಯಿ ಫೋನಿನಲ್ಲಿ ಹೇಳಿರುತ್ತಾರೆ. ಕೊನೆಯಲ್ಲಿ ನೀನು ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಇಗರ್ಜಿಯಲ್ಲಿ ಬೆಂಚುಗಳಷ್ಟೇ ಉಳಿದಿರುತ್ತವೆ, ಬಾಪ್ಪು." ತಮಾಷೆಗೆ ಬರೆದೆಯೋ ಏನೋ.

ಸುಳ್ಳು ಎನ್ನಲಾರೆ. ಬೀಗ ಬಿದ್ದ ಮನೆಗಳ ಮುಂದೆ ಇಗರ್ಜಿಯ ಪರವಾಗಿ ನಮ್ಮ ವಾರ್ಡಿನ ಮನೆಗಳನ್ನು ನೋಡಿಕೊಳ್ಳುವ ಗುರ್ಕಾರ ಈಗ ನಿಲ್ಲುವುದೂ ಇಲ್ಲ. ಇಗರ್ಜಿಯ ಪಕ್ಕದ ಗದ್ದೆಗಳಲ್ಲಿ ಅಡಿಕೆ ನಿಂತಿದೆ, ಮರಿಯಮ್ಮನ ತೆನೆಹಬ್ಬವಾದ ಮೊಂತಿ ಫೆಸ್ತ್‌ಗೆ ತೆನೆಯನ್ನು ಹೊರಗಿನಿಂದ ತರಿಸುತ್ತೇವೆ. ಅಬುಧಾಬಿಯಲ್ಲಿ ನಿಮಗೆ ಜಾಗ ಸಿಗದೆ ಅಂಗಳದಲ್ಲಿ ನಿಂತು ಪೂಜೆ ಕೇಳುತ್ತೀರಂತೆ. ಇಲ್ಲಿ ಕೂರುವವರಿಲ್ಲ.

ಇಂಥ ಮಾತು ಬಂದಾಗ ನನ್ನ ಅಜ್ಜಿ ಶ್ರೀರಂಗಪಟ್ಟಣದ ಕಥೆ ತೆಗೆಯುತ್ತಿದ್ದರು. 1784ರಲ್ಲಿ ಟಿಪ್ಪು ನಮ್ಮವರನ್ನು, ಈ ಕರಾವಳಿಯ ಕ್ರೈಸ್ತರನ್ನು, ಸೆರೆಹಿಡಿದು ಅಲ್ಲಿಗೆ ಸಾಗಿಸಿದ. ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ 1680ರಲ್ಲಿ ಎದ್ದಿದ್ದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನೂ ಕೆಡವಿದರು. ಮೂಡುಬಿದಿರೆಯ ಹೊಸಬೆಟ್ಟು ಇಗರ್ಜಿ ಉಳಿದದ್ದು ಅಲ್ಲಿನ ಚೌಟ ಅರಸರು ಕೇಳಿಕೊಂಡದ್ದರಿಂದ. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕಿ ಉಳಿದವರು ಮರಳಿ ಬಂದು ಮತ್ತೆ ಕಟ್ಟಿದರು. ಆದರೆ ಇದನ್ನು ಸಮಾಧಾನವೆಂದು ನಿನ್ನ ಕೈಗಿಡಲು ನನಗೇ ಸಂಕೋಚ. ಅವರನ್ನು ಅಟ್ಟಿದ್ದರು, ಊರಿಗೆ ಮರಳುವುದೇ ಅವರ ಹಂಬಲವಾಗಿತ್ತು. ನಿನ್ನನ್ನು ಯಾರೂ ಅಟ್ಟಲಿಲ್ಲ. ನಿನಗೆ ಅಲ್ಲಿ ಮಗಳ ಶಾಲೆ, ಇಲ್ಲಿ ಸಾಲದ ಕಂತು.

ನಾನೂ ಮುಂಬಯಿಗೆ ಹೋದವನೇ. ಮದುವೆಗೆ ಮುಂಚಿನ ರೋಸಿನ ರಾತ್ರಿಗಳಲ್ಲಿ, ವಧುವರರಿಗೆ ತೆಂಗಿನ ಹಾಲು ಹಚ್ಚುವಾಗ, ಅಜ್ಜ ಮಣ್ಣಿನ ಗುಮಟೆ ಬಾರಿಸಿ ಹಾಡಿದರೆ ಚಪ್ಪರದಲ್ಲಿ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಿದ್ದರು. ಅವರು ತೀರಿಕೊಂಡಾಗ ನನಗೆ ರಜೆ ಸಿಗಲಿಲ್ಲ. ಆ ಪದಗಳಲ್ಲಿ ಅರ್ಧ ಈಗ ಊರಲ್ಲಿ ಯಾರಿಗೂ ಬಾರದು. ಬೆಂಚು ಖಾಲಿಯಾಗುವುದಕ್ಕಿಂತ ಅದೇ ನನ್ನನ್ನು ಹೆಚ್ಚು ಕೊರೆಯುತ್ತದೆ.

ಬೆಂಚು ಪೂರ್ತಿ ಖಾಲಿಯಾಗುತ್ತದೆಯೇ? ಕಟ್ಟಡದ ಕೆಲಸಕ್ಕೆ ಜಾರ್ಖಂಡ್‌ನಿಂದ ಬಂದ ಹುಡುಗರು ಭಾನುವಾರ ಹಿಂದಿನ ಸಾಲಿನಲ್ಲಿರುತ್ತಾರೆ. ಕೊಂಕಣಿ ತಿಳಿಯದು, ಮೊಣಕಾಲೂರುವುದರಲ್ಲಿ ಮಾತ್ರ ನಮಗಿಂತ ಮುಂದು. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲಿ ಮೇಣದಬತ್ತಿ ಹಿಡಿದ ಸಾಲನ್ನು ನೋಡಿ ಯಾರು ಯಾವ ಧರ್ಮದವರೆಂದು ಹೇಳಬಲ್ಲೆಯಾ? "ನಮ್ಮ ಇಗರ್ಜಿ" ಎನ್ನುವಾಗ ನೀನು ನಮ್ಮ ಕುಟುಂಬ ಕೂರುವ ಸಾಲನ್ನೇ ನೆನೆಯುತ್ತೀಯೇನೋ. ಇರಲಿ, ನನ್ನ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ.

ಹಾಗಾದರೆ ಏನು ಮಾಡಲಿ ಎಂದು ಕೇಳುತ್ತೀಯೆ. ನನಗೂ ಸರಿಯಾಗಿ ಹೊಳೆಯುತ್ತಿಲ್ಲ. ಒಂದು ವರ್ಷ ಕ್ರಿಸ್ಮಸ್ ಬಿಟ್ಟು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬಂದು ನೋಡು. ಮಗಳು ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಬಾಲ ಮರಿಯಳಿಗೆ ಹೂ ಹಾಕಲಿ, ರಜೆ ಸಾಲದಿದ್ದರೆ ಕೊನೆಯ ಎರಡು ದಿನವಾದರೂ. ಹಬ್ಬದ ದಿನ ಮಕ್ಕಳಿಗೆ ಕಬ್ಬು ಕೊಡುತ್ತಾರೆ, ಅದಕ್ಕಾದರೂ ಅವಳು ಬಂದಾಳು. ಅಂಚೆಯಲ್ಲಿ ಕಳುಹಿಸುವ ಹೊಸ ಭತ್ತವನ್ನು ಲಕೋಟೆಯಲ್ಲೇ ಇಟ್ಟುಕೊಳ್ಳಬೇಡ, ಸುಲಿದು ಪಾಯಸಕ್ಕೆ ಹಾಕು. ಆ ಹಿಂದಿನ ಸಾಲಿನ ಹುಡುಗರನ್ನು ಈ ಸಲ ನೊವೆಂ ಊಟಕ್ಕೆ, ಅದೇ ಹಬ್ಬದ ದಿನದ ಹೊಸ ಅಕ್ಕಿಯ ಊಟಕ್ಕೆ, ಕರೆಯೋಣವೆಂದಿದ್ದೇನೆ, ನಿನ್ನ ತಾಯಿಗೆ ಇನ್ನೂ ಹೇಳಿಲ್ಲ. ನೀನೇ ಒಂದು ಮಾತು ಹಾಕಿದರೆ ಒಳ್ಳೆಯದು.

ಟಿಕೆಟ್ ದುಬಾರಿಯಾದರೆ ಬರುವ ಮಾತನ್ನು ಬಿಟ್ಟುಬಿಡು, ಒತ್ತಾಯವಿಲ್ಲ. ಬಂದರೆ ಮಗುವಿಗೆ ರೇನ್‌ಕೋಟ್ ತಾ, ಆಗಲೂ ಮಳೆ ಇರುತ್ತದೆ.

ನಿನ್ನ ಬಾಪ್ಪು