ಕಾಶಿಯಲ್ಲಿ ರೂಮು ಹಿಡಿಯುವ ಮುಂಚೆ ಮೆಟ್ಟಿಲು ಎಷ್ಟು ಅಂತ ಕೇಳು

ಪ್ರಿಯ ಮಂಜು,

ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುತ್ತಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಕಡಿಮೆ ದುಡ್ಡಿನಲ್ಲಿ, ಎಲ್ಲಾ ಕಡೆಗೂ ನಡೆದೇ ಹೋಗಿಬರುವಂಥ ರೂಮು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀಯ. ಇದೇ ಪ್ರಶ್ನೆಯನ್ನು ಇನ್ನೂ ಮೂರ್ನಾಲ್ಕು ಜನ ಕೇಳಿದ್ದರು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಮಾಡಿದ್ದನ್ನು ನೀನು ಮಾಡಬೇಡ. ಕಿಟಕಿ ತೆರೆದರೆ ಗಂಗೆ ಕಾಣುವ ಫೋಟೋ ನೋಡಿ ಒಂದು ಲಾಡ್ಜು ಬುಕ್ ಮಾಡಿದ್ದೆ. ದಶಾಶ್ವಮೇಧ ಘಾಟ್‌ಗೆ ಹೋಗುವ ದಾರಿಯ ಗೋದೌಲಿಯಾ ಚೌಕದ ಹತ್ತಿರ ಬ್ಯಾರಿಕೇಡ್ ಹಾಕಿದ್ದರು. ಆಟೋದವನು ಅಲ್ಲೇ ಇಳಿಸಿ ಹೋದ. ಅಲ್ಲಿಂದ ಗಲ್ಲಿಯೊಳಗೆ ನಡೆಯಬೇಕಿತ್ತು. ಕಲ್ಲುಚಪ್ಪಡಿ ಮೇಲೆ ಸೂಟ್‌ಕೇಸಿನ ಚಕ್ರ ಉರುಳಲಿಲ್ಲ, ಎತ್ತಿಕೊಂಡೇ ನಡೆದೆ. ಒಂದು ತಿರುವಿನಲ್ಲಿ ಗೂಳಿ ಅಡ್ಡ ಮಲಗಿತ್ತು. ನಮ್ಮ ಅಮ್ಮ ಯಾರದೋ ಮನೆ ಜಗಲಿ ಮೇಲೆ ಕೂತು, ಮಂಡಿ ಒತ್ತಿಕೊಳ್ಳುತ್ತಾ, ‘ಇನ್ನೆಷ್ಟು ದೂರನಪ್ಪಾ’ ಅಂದಳು. ಹೇಗೋ ತಲುಪಿದರೆ ರೂಮು ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಡಿದಾದ ಮೆಟ್ಟಿಲು, ಎಣಿಸಿದೆ, 72. ಆ ಸಂಜೆ ಅಮ್ಮ ಗಂಗಾ ಆರತಿಗೆ ಬರಲಿಲ್ಲ. ‘ನೀನು ನೋಡ್ಕೊಂಡು ಬಾ, ನಾನು ಇಲ್ಲಿಂದಲೇ ಕೈಮುಗೀತೀನಿ’ ಅಂದಳು. ಅಷ್ಟು ದೂರದಿಂದ ಬಂದು ಗಂಗೆಯನ್ನು ಕಿಟಕಿಯಿಂದ ನೋಡುವ ಹಾಗಾಯಿತಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಸಂಕಟವಾಗುತ್ತೆ.

ಊರು ಹೇಗಿದೆ ಅಂತ ಮೊದಲು ತಿಳಿದುಕೋ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ದಕ್ಷಿಣದ ಅಸ್ಸಿಯಿಂದ ಉತ್ತರದ ರಾಜಘಾಟ್‌ವರೆಗೆ 80ಕ್ಕೂ ಹೆಚ್ಚು ಘಾಟ್‌ಗಳು, ಅಂದರೆ ನದಿಗೆ ಇಳಿಯುವ ಮೆಟ್ಟಿಲುಗಳ ಸಾಲು, ಅರ್ಧಚಂದ್ರದ ಹಾಗೆ ಬಾಗಿಕೊಂಡಿವೆ. ಅಮ್ಮನಿಗೆ ಬೇಕಾದ ವಿಶ್ವನಾಥ, ಅನ್ನಪೂರ್ಣೆ, ದಶಾಶ್ವಮೇಧ, ಕೇದಾರ ಎಲ್ಲಾ ನಡುಭಾಗದಲ್ಲೇ ಇವೆ. ಕ್ಯಾಂಟ್ ರೈಲ್ವೆ ಸ್ಟೇಷನ್ ಸುತ್ತಮುತ್ತ ರೂಮು ಅಗ್ಗ, ನಿಜ. ಆದರೆ ಉಳಿಸಿದ ದುಡ್ಡು ಆಟೋಗೆ ಹೋಗುತ್ತೆ, ಹೊತ್ತು ಟ್ರಾಫಿಕ್ಕಿನಲ್ಲಿ ಹೋಗುತ್ತೆ. ವಿಶ್ವನಾಥನ ಮಂಗಳಾರತಿಗೆ ಬೆಳಗಿನ ಜಾವ ಮೂರಕ್ಕೆಲ್ಲ ದೇವಸ್ಥಾನದಲ್ಲಿರಬೇಕು. ಆ ಹೊತ್ತಿನಲ್ಲಿ ವಯಸ್ಸಾದವರನ್ನು ಅಷ್ಟು ದೂರದಿಂದ ಹೇಗೆ ಕರೆದುಕೊಂಡು ಬರುತ್ತೀಯ?

ನನ್ನ ಮಾತು ಕೇಳುವುದಾದರೆ ಸೋನಾರ್‌ಪುರದಿಂದ ನದಿ ಕಡೆಗೆ ಇಳಿಯುವ ಗಲ್ಲಿಗಳಲ್ಲಿ ಹುಡುಕು, ಕೇದಾರ ಘಾಟ್‌ಗೂ ಹನುಮಾನ್ ಘಾಟ್‌ಗೂ ನಡುವೆ. ಗೋದೌಲಿಯಾದಿಂದ ಅಸ್ಸಿಗೆ ಹೋಗುವ ದೊಡ್ಡ ರಸ್ತೆ ಪಕ್ಕದಲ್ಲೇ ಇದೆ, ಇ-ರಿಕ್ಷಾ ಓಡಾಡುತ್ತವೆ. ಕೇದಾರದಿಂದ ಘಾಟ್ ಮೇಲೆಯೇ ನಡೆದರೆ ದಶಾಶ್ವಮೇಧ ಒಂದು ಕಿಲೋಮೀಟರಿನ ಆಸುಪಾಸು. ಅಮ್ಮನ ಜೊತೆ ಅಲ್ಲಲ್ಲಿ ಕೂತು ಹೋದರೂ ಅರ್ಧ ಗಂಟೆ ಸಾಕು. ಸುತ್ತಮುತ್ತ ಕನ್ನಡ, ತಮಿಳು, ತೆಲುಗು ಕಿವಿಗೆ ಬೀಳುತ್ತೆ, ಇಡ್ಲಿ ಕಾಫಿಯೂ ಸಿಗುತ್ತೆ. ಹರಿಶ್ಚಂದ್ರ ಘಾಟ್ ಪಕ್ಕದ ಕರ್ನಾಟಕ ಘಾಟ್ ಮೊದಲು ಮೈಸೂರು ಘಾಟ್ ಆಗಿತ್ತು. ಅಲ್ಲಿ ನಮ್ಮ ರಾಜ್ಯದ ಛತ್ರ ಇದೆ, ಗೋದೌಲಿಯಾ ಕಡೆ ಇರುವ ವೀರಶೈವರ ಜಂಗಮವಾಡಿ ಮಠದಲ್ಲೂ ಭಕ್ತರಿಗೆ ರೂಮು ಕೊಡುತ್ತಾರೆ. ಹೊರಡುವ ಮುಂಚೆ ಎರಡೂ ಕಡೆ ಫೋನ್ ಮಾಡಿ ಕೇಳು. ಒಂದು ವಿಷಯ ಮಾತ್ರ ಅಮ್ಮನಿಗೆ ಮೊದಲೇ ಹೇಳಿಬಿಡು. ಹರಿಶ್ಚಂದ್ರ ಘಾಟ್‌ನಲ್ಲಿ ಚಿತೆ ಉರಿಯುತ್ತಿರುತ್ತೆ, ಗಾಳಿ ಬೀಸಿದ ಕಡೆಗೆ ಹೊಗೆ ಬರುತ್ತೆ.

ಎರಡನೇ ಸಲ ನಾವು ಎರಡು ಹಾಸಿಗೆಯ ರೂಮಿಗೆ ದಿನಕ್ಕೆ 1,300 ಕೊಟ್ಟೆವು. ನೆಲಮಹಡಿ, ಸಣ್ಣ ರೂಮು, ಕಿಟಕಿಯಾಚೆ ಬರೀ ಎದುರುಮನೆ ಗೋಡೆ. ಗಂಗೆ ಕಾಣುವ ರೂಮಿಗೆ ಅದೇ ಲಾಡ್ಜಿನಲ್ಲಿ ಎರಡರಷ್ಟು ಹೇಳಿದರು. ಬೇಡ ಅಂದೆ. ಎರಡು ನಿಮಿಷ ನಡೆದರೆ ಗಂಗೆಯ ದಡದಲ್ಲೇ ಇರ್ತೀವಿ ಅಲ್ವಾ?

ಫೋನಿನಲ್ಲಿ ಮಾತಾಡುವಾಗ ಎಸಿ, ಟಿವಿ ಬಿಡು. ಆಟೋ ಎಲ್ಲಿವರೆಗೆ ಬರುತ್ತೆ ಅಂತ ಕೇಳು. ಅಲ್ಲಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು, ರೂಮು ಯಾವ ಮಹಡಿ, ಕೂರುವ ಕಮೋಡ್ ಇದೆಯಾ, ಬಿಸಿನೀರು ಎಷ್ಟು ಹೊತ್ತು ಬರುತ್ತೆ, ಹೇಳಿದ ರೇಟಿಗೆ ಜಿಎಸ್‌ಟಿ ಸೇರಿದೆಯಾ ಅಂತ ಕೇಳು. ಮ್ಯಾಪಿನಲ್ಲಿ ‘ಘಾಟ್‌ಗೆ 100 ಮೀಟರ್’ ಅಂತ ತೋರಿಸುತ್ತೆ, ಆ ನೂರು ಮೀಟರಿನಲ್ಲಿ ಇರುವ ಮೆಟ್ಟಿಲು ತೋರಿಸುವುದಿಲ್ಲ. ಒಂದು ರಾತ್ರಿಗೆ ಮಾತ್ರ ದುಡ್ಡು ಕಟ್ಟು, ನೋಡಿ ಮುಂದುವರಿಸು. ‘ನಿಮ್ಮ ಲಾಡ್ಜು ಮುಚ್ಚಿದೆ, ಬೇರೆ ತೋರಿಸ್ತೀನಿ’ ಅಂತ ಸ್ಟೇಷನ್ನಿನಲ್ಲಿ ಯಾರಾದರೂ ಅಂದರೆ ನಂಬಬೇಡ, ಲಾಡ್ಜಿಗೇ ಫೋನ್ ಮಾಡು.

ದಿನ ನೋಡಿಕೊಂಡು ಟಿಕೆಟ್ ಮಾಡಿಸು. ಕಾರ್ತಿಕ ಹುಣ್ಣಿಮೆಗೆ ದೇವ ದೀಪಾವಳಿ, ಆಗ ರೂಮಿನ ರೇಟು ಕೈಗೆ ಸಿಗುವುದಿಲ್ಲ. ಶಿವರಾತ್ರಿಗೂ ಅಷ್ಟೇ. ಮಳೆಗಾಲದಲ್ಲಿ ನೀರು ಏರಿ ಕೆಳಗಿನ ಘಾಟ್‌ಗಳು ಮುಳುಗುತ್ತವೆ, ಘಾಟ್‌ನಿಂದ ಘಾಟ್‌ಗೆ ನಡೆಯಲು ದಾರಿಯೇ ಇರುವುದಿಲ್ಲ. ಜನವರಿಯಲ್ಲಿ ಮಂಜು ಜಾಸ್ತಿ, ರೈಲು ಗಂಟೆಗಟ್ಟಲೆ ತಡ. ದೇವ ದೀಪಾವಳಿ ಮುಗಿದ ಮೇಲಿನ ಎರಡು ವಾರ ನನಗೆ ತುಂಬಾ ಹಿಡಿಸಿತು.

ರೂಮು ಹತ್ತಿರ ಇದ್ದರೆ ಇನ್ನೊಂದು ಅನುಕೂಲ. ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ಎಲ್ಲಾ ರೂಮಿನಲ್ಲೇ ಇಟ್ಟು ಬರಿಗೈಲಿ ಹೊರಟುಬಿಡಬಹುದು, ಲಾಕರ್ ಹುಡುಕುವ ಗೋಜಿಲ್ಲ.

ಎರಡನೇ ಸಲದ ಎರಡನೇ ದಿನ ಬೆಳಗ್ಗೆ ಐದೂವರೆಗೆ ಎದ್ದು ನೋಡಿದರೆ ಅಮ್ಮನ ಹಾಸಿಗೆ ಖಾಲಿ. ಗಾಬರಿಯಾಗಿ ಓಡಿದೆ. ಕೇದಾರ ಘಾಟ್‌ನಲ್ಲಿ, ಆ ಕೆಂಪು ಬಿಳಿ ಪಟ್ಟೆಯ ಗುಡಿಯ ಕೆಳಗೆ, ಒದ್ದೆ ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಮನೆಯಿಂದ ತಂದ ತಾಮ್ರದ ತಂಬಿಗೆ, ತುಂಬಾ ಗಂಗೆ. ‘ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಹತ್ತಿರ ತಾನೇ’ ಅಂದಳು. ಆ ದಿನ ಮೂರು ಸಲ ಹೋಗಿಬಂದಳು, ಒಬ್ಬಳೇ.

ನಿಮ್ಮ ತಾರೀಖು ಗೊತ್ತಾದ ತಕ್ಷಣ ತಿಳಿಸು, ಆ ಲಾಡ್ಜಿನ ನಂಬರ್ ಕಳಿಸುತ್ತೇನೆ. ನೆಲಮಹಡಿಯಲ್ಲಿ ಎರಡೇ ರೂಮು ಇರುವುದು, ಬೇಗ ಕೇಳಬೇಕು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಗೆಳೆಯ