ಹಾಡು ನಿಲ್ಲಿಸಹೊರಟ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಅನೇಕ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಕಛೇರಿಗಳನ್ನು ನಿಲ್ಲಿಸಿ ನರ್ಸಿಂಗ್ ಓದಲು ಸೇರುತ್ತೇನೆಂದು ನೀನು ಬರೆದದ್ದನ್ನು ಕೇಳಿ, ಇಷ್ಟು ವರ್ಷದ ಸಾಧನೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಮನೆಯಲ್ಲಿ ಕೆಲವರು ನೊಂದುಕೊಂಡರು. ನನಗೆ ಹಾಗೆನ್ನಿಸಲಿಲ್ಲ, ಅಮೆರಿಕದ ಕಪ್ಪುಜನರ ಸಂಗೀತ ಪ್ರಕಾರವಾದ ಬ್ಲೂಸ್‌ನ ಗಾಯಕಿ ಆಲ್ಬರ್ಟಾ ಹಂಟರ್ ನೆನಪಾದರು.

1895ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಷಿಕಾಗೊ ಸೇರಿ, ಡ್ರೀಮ್‌ಲ್ಯಾಂಡ್ ಕೆಫೆಯಲ್ಲಿ ಕಿಂಗ್ ಆಲಿವರ್ ಅವರ ಜಾಝ್ ವಾದ್ಯತಂಡದೊಂದಿಗೆ ಹಾಡಿ ಹೆಸರು ಗಳಿಸಿದರು. ಪಿಯಾನೊ ವಾದಕಿ ಲವೀ ಆಸ್ಟಿನ್ ಅವರೊಡನೆ ರಚಿಸಿದ ‘ಡೌನ್ ಹಾರ್ಟೆಡ್ ಬ್ಲೂಸ್’ ಹಾಡು 1923ರಲ್ಲಿ ಗಾಯಕಿ ಬೆಸ್ಸಿ ಸ್ಮಿತ್ ಅವರ ಕಂಠದಲ್ಲಿ ಮನೆಮಾತಾಯಿತು. 1928ರಲ್ಲಿ ಲಂಡನ್ನಿನ ರಂಗದ ಮೇಲೆ ಹೆಸರಾಂತ ಗಾಯಕ-ನಟ ಪಾಲ್ ರೋಬ್ಸನ್ ಅವರೊಡನೆ ‘ಷೋ ಬೋಟ್’ ಎಂಬ ಸಂಗೀತ ನಾಟಕದಲ್ಲಿ ಅಭಿನಯಿಸಿದರು.

ಇಂಥವರು ತಾಯಿ ತೀರಿಕೊಂಡ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ವೇದಿಕೆ ತೊರೆದು ನರ್ಸಿಂಗ್ ತರಬೇತಿಗೆ ಸೇರಿದರು. ಅದಕ್ಕಾಗಿ ವಯಸ್ಸನ್ನು ಹನ್ನೆರಡು ವರ್ಷ ಕಡಿಮೆ ಹೇಳಿಕೊಂಡರು. ಆ ಸುಳ್ಳನ್ನು ನಾನು ಮೆಚ್ಚಲಾರೆ, ಆದರೆ ಅದರ ಹಿಂದಿದ್ದ ಹಂಬಲ ನನ್ನ ಮನಸ್ಸನ್ನು ತಟ್ಟುತ್ತದೆ. ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಸುಮಾರು ಇಪ್ಪತ್ತು ವರ್ಷ ರೋಗಿಗಳ ಆರೈಕೆ ಮಾಡಿದರು. 1961ರಲ್ಲಿ ಕೆಲವು ಹಾಡುಗಳನ್ನು ಧ್ವನಿಮುದ್ರಿಸಿದರೂ ಮತ್ತೆ ವಾರ್ಡಿಗೇ ಮರಳಿದರು. ಆ ಕೆಲಸವನ್ನು ಅವರು ಸಂಗೀತಕ್ಕೆ ಮರಳುವ ತನಕದ ತಂಗುದಾಣವೆಂದು ಭಾವಿಸಿರಲಿಲ್ಲ ಎಂಬುದನ್ನು ನೀನು ಗಮನಿಸಬೇಕು.

1977ರಲ್ಲಿ, ಎಪ್ಪತ್ತಾಯಿತೆಂದು ಆಸ್ಪತ್ರೆ ಅವರನ್ನು ನಿವೃತ್ತಿಗೊಳಿಸಿದಾಗ ನಿಜವಾಗಿ ಅವರಿಗೆ ಎಂಬತ್ತೆರಡು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಬಾರ್ನಿ ಜೋಸೆಫ್‌ಸನ್ ನಡೆಸುತ್ತಿದ್ದ ‘ದಿ ಕುಕರಿ’ ಎಂಬ ಸಂಗೀತದ ಹೋಟೆಲಿನಲ್ಲಿ ಮತ್ತೆ ಹಾಡತೊಡಗಿದರು, ಆ ಎರಡನೆಯ ಬಾಳು 1984ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಮುಂದುವರಿಯಿತು. ಆದರೆ ಅಂಥ ಮರಳುವಿಕೆ ಎಲ್ಲರಿಗೂ ದಕ್ಕುವುದಿಲ್ಲ, ಆದ್ದರಿಂದ ನೀನು ಅದನ್ನು ಲೆಕ್ಕಕ್ಕಿಟ್ಟುಕೊಂಡು ಹೊರಡಬೇಡ. ಶುಶ್ರೂಷೆಯೇ ನಿನಗೆ ಬೇಕೆನಿಸಿದ್ದರೆ ಮಾತ್ರ ಹೊರಡು. ಕಂಠ ಉಳಿಸಿಕೊಳ್ಳಲು ಮುಂಜಾನೆಯ ಅಭ್ಯಾಸವನ್ನು ಮಾತ್ರ ಬಿಡಬೇಡ.

ಈಗಾಗಲೇ ಒಪ್ಪಿಕೊಂಡಿರುವ ಕಛೇರಿಗಳನ್ನು ಮುಗಿಸಿಕೊಡು. ಗುರುಗಳಿಗೆ ಬೇರೆಯವರಿಂದ ಸುದ್ದಿ ಮುಟ್ಟುವ ಮೊದಲು ನೀನೇ ಹೋಗಿ ತಿಳಿಸು. ನಿನ್ನ ಅಪ್ಪನೊಡನೆ ನಾನು ಮಾತನಾಡುತ್ತೇನೆ. ಮೊದಲ ವರ್ಷದ ಶುಲ್ಕದ ಚಿಂತೆಯೂ ನಿನಗೆ ಬೇಡ.

ಇಂತಿ,
ನಿನ್ನ ದೊಡ್ಡಪ್ಪ